ಗೊಂಬೆ ಕೂಲಿ ಕೇಳುವುದಿಲ್ಲ

ಶೋಕೇಸಿನ ಬಗ್ಗೆ ಮಾತಾಡಬೇಕಾಗಿದೆ. ನಗಬೇಡಿ. ಭೂಮಿಯ ಪ್ರಶ್ನೆ ಹಾಗೇ ಇದೆ, ಕೂಲಿಯ ಪ್ರಶ್ನೆ ಹಾಗೇ ಇದೆ. ಗುಡಿಯ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ, ಕ್ಷೌರದಂಗಡಿಯ ಕುರ್ಚಿಯಲ್ಲಿ ಜಾತಿ ಇನ್ನೂ ಕಾಲ ಮೇಲೆ ಕಾಲು ಹಾಕಿ ಕೂತಿದೆ. ಇಂಥ ಹೊತ್ತಿನಲ್ಲಿ ಗಾಜಿನ ಕಪಾಟಿನೊಳಗಿನ ಗೇಣುದ್ದದ ಗೊಂಬೆಗಳ ಮೇಲೆ ಬರೆಯಲು ಇವರಿಗೇನು ಬಂದಿದೆ ಎಂದು ಸಂಗಾತಿಗಳು ಕೇಳಬಹುದು. ಕೇಳಲಿ. ದೊಡ್ಡ ಸುಳ್ಳುಗಳು ಮನೆಯೊಳಗೆ ಬರುವಾಗ ಚಿಕ್ಕದಾಗಿಯೇ ಬರುತ್ತವೆ ಎಂಬುದು ನಮ್ಮ ಉತ್ತರ. ಮನುಸ್ಮೃತಿಯನ್ನು ಯಾರೂ ದಿನಾ ಬೆಳಗ್ಗೆ ಎದ್ದು ಓದುವುದಿಲ್ಲ. ಶೋಕೇಸಿನ ಧೂಳನ್ನು ಮಾತ್ರ ದಿನಾ ಬೆಳಗ್ಗೆ ಒರೆಸಲಾಗುತ್ತದೆ. ಒರೆಸುವ ಕೈ ಯಾವ ಕೇರಿಯದು ಎಂದು ನಾವು ಬಿಡಿಸಿ ಹೇಳಬೇಕಿಲ್ಲ.

ಬಳ್ಳಾರಿಯ ಹೊಸ ಬಡಾವಣೆಗಳ ಮನೆಗಳನ್ನು ನಾವು ಒಳಗಿನಿಂದ ಬಲ್ಲೆವು. ಅತಿಥಿಗಳಾಗಿ ಹೋಗಿ ಅಲ್ಲ. ಗೋಡೆಗೆ ಬಣ್ಣ ಬಳಿಯಲು, ವೈರು ಎಳೆಯಲು, ನೆಲಕ್ಕೆ ಕಲ್ಲು ಹಾಸಲು, ಅವರ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗಿ. ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲಿಗರು ನಾವು. ಆದರೆ ಆ ಮನೆಗಳ ಶೋಕೇಸನ್ನು ಮಾಳಿಗೆಗೆ ಹೊತ್ತವರಲ್ಲಿ ನಾವು ಮೊದಲಿಗರಲ್ಲ. ನಮ್ಮ ಅಪ್ಪಂದಿರೂ ಹೊತ್ತಿದ್ದಾರೆ.

ಒಳಗೆ ಏನಿರುತ್ತದೆ? ನೋಡಿದವರಿಗೆ ಗೊತ್ತು. ಮೇಲಿನ ಅಂತಸ್ತಿನಲ್ಲಿ ಬಿಳೀ ರಾಧಾಕೃಷ್ಣ, ಬೆಳ್ಳಿ ಬಣ್ಣದ ಗಣಪತಿ, ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ. ನಡುವಿನ ಅಂತಸ್ತಿನಲ್ಲಿ ಹಂಪಿಯ ಕಲ್ಲಿನ ರಥ, ತಾಜಮಹಲು, ಮಗ ಗೆದ್ದು ತಂದ ಕಪ್ಪು. ಕೆಳಗಿನ ಅಂತಸ್ತಿಗೆ ಬನ್ನಿ. ಅಲ್ಲಿ ನಾವಿದ್ದೇವೆ. ಹಿತ್ತಾಳೆಯ ಎತ್ತಿನ ಬಂಡಿ. ತಲೆಯ ಮೇಲೆ ಮೂರು ಕೊಡ ಹೊತ್ತ ಹೆಣ್ಣು. ಬೀಸುವ ಕಲ್ಲಿನ ಮುಂದೆ ಕೂತ ಮುದುಕಿ. ಕನ್ನಡಿ ಚೂರು ಹೊಲಿದ ಲಂಬಾಣಿ ಗೊಂಬೆ. ಅಂಗೈ ಅಗಲದ ಹಲಗೆ. ಬೆರಳುದ್ದದ ಚರ್ಮದ ಚಪ್ಪಲಿ, ಅದಕ್ಕೊಂದು ಬೀಗದ ಕೈಯ ಸರಪಳಿ. "ಎಷ್ಟು ಕ್ಯೂಟ್ ಐತಿ ನೋಡ್ರಿ" ಎನ್ನುತ್ತಾರೆ ಆ ಮನೆಯವರು. ನಾವು ನೋಡುತ್ತೇವೆ. ನಮ್ಮವ್ವನ ಬೆನ್ನು ಮುರಿದ ಬೀಸುವ ಕಲ್ಲು ಅಲ್ಲಿ ಬೆಂಕಿಪೊಟ್ಟಣದಷ್ಟಾಗಿದೆ.

ಒಂದು ಮಾತು ಗಮನಿಸಿ. ಚಿಕ್ಕದಾಗುವುದು ಯಾವಾಗಲೂ ನಮ್ಮ ಬದುಕೇ. ಸಾಹುಕಾರನ ಖಾತೆ ಪುಸ್ತಕದ ಗೊಂಬೆಯನ್ನು ಯಾವ ಅಂಗಡಿಯಲ್ಲೂ ನಾವು ಕಂಡಿಲ್ಲ. ತೂಕದಲ್ಲಿ ಮೋಸ ಮಾಡುವ ದಲಾಲಿಯ ಗೊಂಬೆ ಇಲ್ಲ. ಬಡ್ಡಿ ವಸೂಲಿಗೆ ಬಂದು ಬಾಗಿಲಲ್ಲಿ ನಿಂತವನ ಗೊಂಬೆ ಇಲ್ಲ. ಯಾಕಿಲ್ಲ? ಅವರ ಅಧಿಕಾರ ಅವರಿಗೆ ಆಟಿಕೆಯಲ್ಲ. ನಮ್ಮ ದುಡಿಮೆ ಮಾತ್ರ ಆಟಿಕೆ.

ಗೊಂಬೆಗಳಿಗೂ ಊರು ಬೇರೆ, ಕೇರಿ ಬೇರೆ. ಇನ್ನೂ ಗೋಡೆ ಏಳುತ್ತಿರುವ ಮನೆಯನ್ನು ನೋಡಿ. ಹೊರಗೆ ಕಂಬಕ್ಕೆ ಕಟ್ಟಿದ ದೃಷ್ಟಿಗೊಂಬೆ. ಬಣ್ಣ ಕಪ್ಪು, ತುಟಿ ದಪ್ಪ, ಕಣ್ಣು ಹೊರಗೆ, ನಾಲಿಗೆ ಹೊರಗೆ. ಊರಿನ ಕೆಟ್ಟ ಕಣ್ಣನ್ನೆಲ್ಲ ಅದು ತಿನ್ನಬೇಕು, ಮಳೆ ಬಿಸಿಲು ತಿನ್ನಬೇಕು, ಗೃಹಪ್ರವೇಶದ ದಿನ ಮಾತ್ರ ಒಳಗೆ ಬರಬಾರದು. ರಾಕ್ಷಸನಿಗೆ ಯಾರ ಬಣ್ಣ ಬಳಿದಿದ್ದಾರೆ? ಕೊಳೆಯನ್ನೂ ಕೇಡನ್ನೂ ಮೈಮೇಲೆ ಹಾಕಿಕೊಂಡು ಊರ ಹೊರಗೆ ನಿಲ್ಲುವ ಕೆಲಸ ಈ ನಾಡಿನಲ್ಲಿ ಯಾರದಾಗಿತ್ತು? ದೃಷ್ಟಿಗೊಂಬೆ ಹೊರಗೆ, ರಾಧಾಕೃಷ್ಣ ಒಳಗೆ. ಚಾತುರ್ವರ್ಣ್ಯದ ನಕ್ಷೆಯನ್ನು ಪಾಠ ಮಾಡಲು ಬೇರೆ ಬೋರ್ಡು ಬೇಕಿಲ್ಲ ಮಾಸ್ತರರೇ, ಆ ಮನೆಯ ಮುಂದೆ ಮಕ್ಕಳನ್ನು ನಿಲ್ಲಿಸಿದರೆ ಸಾಕು.

ನವರಾತ್ರಿಗೆ ಕೆಲವು ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ಅದಕ್ಕೆ ಮೆಟ್ಟಿಲು. ಮೇಲೆ ದೇವರುಗಳು, ಪಟ್ಟದ ರಾಜ ರಾಣಿ. ಅವರ ಕೆಳಗೆ ಅಕ್ಕಿ ಬೇಳೆ ಮುಂದಿಟ್ಟುಕೊಂಡ ಶೆಟ್ಟಿ, ಪಕ್ಕದಲ್ಲಿ ಅವನ ಹೆಂಡತಿ. ಎಲ್ಲಕ್ಕಿಂತ ಕೆಳಗೆ ಸಂತೆ, ಹೊಲ, ಹಳ್ಳಿ, ದುಡಿಯುವವರು. ಆರತಿ ಮೇಲಿನವರಿಗೆ. ಎಂಟು ವರ್ಷದ ಮಗು ಆ ಮೆಟ್ಟಿಲನ್ನು ಜೋಡಿಸುತ್ತ ಜೋಡಿಸುತ್ತ ಯಾರನ್ನು ಎಲ್ಲಿಡಬೇಕೆಂದು ಕಲಿಯುತ್ತದೆ. ಅದಕ್ಕೆ ಯಾರೂ ಬೈದು ಕಲಿಸುವುದಿಲ್ಲ, ಚಾಕಲೇಟು ಕೊಟ್ಟು ಕಲಿಸುತ್ತಾರೆ. ಜಾತಿ ದುಡಿಮೆಯನ್ನಷ್ಟೇ ಅಲ್ಲ, ದುಡಿಯುವವರನ್ನೇ ಮೇಲೆ ಕೆಳಗೆ ಹಂಚುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ಬಿಡಿಸಿ ಹೇಳಿದ್ದರು. ಆ ಹಂಚಿಕೆಯನ್ನೇ ಮರದಲ್ಲಿ, ಮಣ್ಣಿನಲ್ಲಿ, ರೇಷ್ಮೆ ಬಟ್ಟೆ ಹಾಸಿ ವರ್ಷ ವರ್ಷ ಕೂರಿಸಿದರೆ ಅದಕ್ಕೆ ಸಂಸ್ಕೃತಿ ಎಂದು ಹೆಸರು.

ಇನ್ನು ಒಂದೊಂದೇ ಗೊಂಬೆಯನ್ನು ಗಾಜಿನಿಂದ ಹೊರಗೆ ತೆಗೆಯೋಣ.

ಕೊಡ ಹೊತ್ತವಳನ್ನು ತೆಗೆಯಿರಿ. ಸೊಂಟ ಬಳುಕಿದೆ, ಮುಖದಲ್ಲಿ ನಗು. ತಲೆ ಮೇಲೆ ಮೂರು ಕೊಡ ನೀರಿದ್ದರೆ ಯಾರೂ ನಗುವುದಿಲ್ಲ. ಹೊತ್ತು ನೋಡಿ. ನೀರು ಈ ದೇಶದಲ್ಲಿ ಸೊಗಸಾಗಿರಲಿಲ್ಲ, ಜಗಳವಾಗಿತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಒಂದು ಬೊಗಸೆ ನೀರು ಎತ್ತಿದ್ದಕ್ಕೆ ನಮ್ಮವರ ತಲೆ ಒಡೆದರು. ಊರ ಬಾವಿಯ ಪಕ್ಕ ಕೊಡ ಇಟ್ಟುಕೊಂಡು, ಯಾರಾದರೂ ಮೇಲಿನಿಂದ ಹೊಯ್ಯಲಿ ಎಂದು ಕಾದ ನಮ್ಮ ಅಜ್ಜಿಯರ ಗೊಂಬೆಯನ್ನು ಯಾರು ಮಾಡಿದ್ದಾರೆ? ಅವಳ ಸೊಂಟ ಬಳುಕಿರಲಿಲ್ಲ. ನೆಟ್ಟಗೆ ನಿಂತು ನಿಂತು ಕಾಲು ಸೇದಿತ್ತು.

ಬಂಡಿಯನ್ನು ತೆಗೆಯಿರಿ. ಸಿರುಗುಪ್ಪದ ಕಡೆಗೆ ಹೋಗಿ. ತುಂಗಭದ್ರೆಯ ನೀರು, ಕಣ್ಣು ಹಾಯುವಷ್ಟು ಬತ್ತ. 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಆ ಸೀಮೆಯ ನೆಲ ಬಂಗಾರವಾಯಿತು. ಬಂಗಾರ ಯಾರ ಪಾಲಿಗೆ, ಕೆಸರು ಯಾರ ಪಾಲಿಗೆ? ನಾಟಿಯ ಕಾಲದಲ್ಲಿ ಹೆಣ್ಣಾಳುಗಳ ಗುಂಪು ಬೆಳಕು ಹರಿಯುವ ಮೊದಲೇ ಆಟೋ, ಟ್ರ್ಯಾಕ್ಟರು ಹತ್ತುತ್ತದೆ. ಎಕರೆಗೆ ಇಷ್ಟು ಎಂದು ಗುತ್ತಿಗೆ. ದಿನವೆಲ್ಲ ಬಗ್ಗಿದ ಬೆನ್ನು, ನೀರಲ್ಲಿ ನೆನೆದು ಬಿರಿದ ಕಾಲು, ಬೆರಳ ಸಂದಿಯಲ್ಲಿ ಹುಣ್ಣು. ಬಂಡಿ ಹೋಗಿ ಎಷ್ಟೋ ಕಾಲವಾಯಿತು, ಕೊಯ್ಲಿಗೆ ಯಂತ್ರ ಬಂತು, ಸುಗ್ಗಿಯಲ್ಲಿ ಸಿಗುತ್ತಿದ್ದ ಕೂಲಿ ಹೋಯಿತು. ಆ ಬತ್ತದ ದುಡ್ಡಿನಲ್ಲಿ ಕಟ್ಟಿದ ಮನೆಯ ಹಾಲಿನಲ್ಲಿ ಹಿತ್ತಾಳೆಯ ಬಂಡಿ, ಮೇಲೆ ಹುಲ್ಲಿನ ಹೊರೆ, ಮುಂದೆ ಮುಂಡಾಸಿನ ಆಳು. ಆ ಆಳು ಬಹಳ ಒಳ್ಳೆಯವನು. ಹಬ್ಬಕ್ಕೆ ಬೋನಸ್ ಕೇಳುವುದಿಲ್ಲ. ಹೆಂಡತಿಗೆ ಜ್ವರ ಎಂದು ಮುಂಗಡ ಕೇಳುವುದಿಲ್ಲ. 1976ರಲ್ಲಿ ಜೀತ ರದ್ದತಿ ಕಾನೂನು ಬಂತು ಎಂದು ಅವನಿಗೆ ಯಾರೂ ಹೇಳಿಲ್ಲ. ಇಟ್ಟಲ್ಲಿ ಇರುತ್ತಾನೆ. ಅವರಿಗೆ ಬೇಕಾಗಿದ್ದ ಆಳು ಅವನೇ. ಸಿಕ್ಕಿದ್ದಾನೆ, ಹಿತ್ತಾಳೆಯಲ್ಲಿ.

ಹಲಗೆಯನ್ನು ತೆಗೆಯಿರಿ. ಊರಲ್ಲಿ ಹೆಣ ಬಿದ್ದರೆ ಹಲಗೆ, ಜಾತ್ರೆಗೆ ಹಲಗೆ, ಡಂಗುರಕ್ಕೆ ಹಲಗೆ. ಬಾರಿಸುವುದಿಲ್ಲ ಎಂದವನಿಗೆ ಬಹಿಷ್ಕಾರ. ಆ ಹಲಗೆ ಈಗ ಊಟದ ಮನೆಗಳ ಗೋಡೆಗಳ ಮೇಲೆ, ರೆಸಾರ್ಟುಗಳ ಬಾಗಿಲ ಮೇಲೆ, 'ಜನಪದ' ಎಂಬ ಹೆಸರಿನಲ್ಲಿ ತೂಗುತ್ತಿದೆ. ಚರ್ಮ ಗೋಡೆಗೆ ಮೈಲಿಗೆಯಲ್ಲ, ಚರ್ಮ ಹದ ಮಾಡಿದ ಕೈ ಮೈಲಿಗೆ. ಚಪ್ಪಲಿಯದೂ ಅದೇ ಕತೆ. ಕಲ್ಯಾಣದ ಹರಳಯ್ಯ ಬಸವಣ್ಣನಿಗೆ ತನ್ನ ತೊಡೆಯ ಚರ್ಮದಲ್ಲಿ ಚಮ್ಮಾವುಗೆ ಹೊಲಿದನೆಂದು ಕಣ್ಣೀರು ಹಾಕಿ ಕತೆ ಹೇಳುವವರೇ, ಹರಳಯ್ಯನ ಮಕ್ಕಳಿಗೆ ಬಾಡಿಗೆಗೆ ಮನೆ ಕೊಡುವ ಮೊದಲು 'ನಿಮ್ಮದು ಯಾವ ಪೈಕಿ?' ಎಂದು ಕೇಳುತ್ತಾರೆ. ಮನೆ ಸಿಗುವುದಿಲ್ಲ. ಬೀಗದ ಕೈ ಮಾತ್ರ ನಮ್ಮ ಚಪ್ಪಲಿಗೇ ತೂಗುತ್ತಿರುತ್ತದೆ.

ನಡ ಬಗ್ಗಿಸಿ ಕುಣಿಯುವ ಹಿತ್ತಾಳೆಯ ಹೆಣ್ಣನ್ನೂ ತೆಗೆಯಿರಿ. ಅವಳಿಗೆ 'ದೇವದಾಸಿ ಭಂಗಿ' ಎಂದು ಹೆಸರಿಟ್ಟು ಮಾರುವವರಿದ್ದಾರೆ. ಬಳ್ಳಾರಿ ಸೀಮೆಯಲ್ಲಿ ಆ ಹೆಸರು ಒಂದು ಭಂಗಿಯಲ್ಲ. ನಮ್ಮ ಕೇರಿಗಳ ಅಕ್ಕಂದಿರು, ದೊಡ್ಡವ್ವಂದಿರು. ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1982ರಲ್ಲಿ ಮಾಡಿತು. ಕಾನೂನು ಬಂದ ಮೇಲೂ ಆ ಮಕ್ಕಳು ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗದ ಮುಂದೆ ಪೆನ್ನು ಹಿಡಿದು ಕೂತಿದ್ದನ್ನು ಹಳ್ಳಿಯ ಮಾಸ್ತರರು ಬಲ್ಲರು. ಇದನ್ನು ಟೀಪಾಯಿಯ ಮೇಲಿಟ್ಟು ಚೆಂದ ನೋಡುವುದಕ್ಕೆ ಎಂಥ ಕಣ್ಣು ಬೇಕು?

"ಮುಟ್ಟಬ್ಯಾಡಪಾ, ಒಡೀತೈತಿ." ಶೋಕೇಸಿನ ಹತ್ತಿರ ಸುಳಿದರೆ ನಮಗೆ ಕೇಳಿಸುವ ಮಾತು ಇದು. ಮುಟ್ಟಬೇಡ ಎಂಬ ಮಾತು ನಮಗೆ ಹೊಸದಲ್ಲ. ಹೊಸದೇನೆಂದರೆ, ಈಗ ನಮ್ಮನ್ನೇ ನಾವು ಮುಟ್ಟುವಂತಿಲ್ಲ. ಗಾಜಿನ ಒಳಗೆ ನಮ್ಮ ಹಲಗೆ, ನಮ್ಮ ಕೊಡ, ನಮ್ಮ ಮುದುಕಿ. ಗಾಜಿನ ಹೊರಗೆ ನಾವು. ಒಂದು ಬೆಲೆಬಾಳುವುದರಿಂದ ಮುಟ್ಟಬಾರದ್ದು, ಇನ್ನೊಂದು ಬೆಲೆಯೇ ಇಲ್ಲದ್ದರಿಂದ ಮುಟ್ಟಬಾರದ್ದು.

ಈಗ ಕಲ್ಲಿನ ಮಾತು. ಕುರುಗೋಡಿನ ದೊಡ್ಡಬಸವೇಶ್ವರನನ್ನು ನೋಡಿದ್ದೀರಿ. ಒಂದೇ ಬಂಡೆಯಲ್ಲಿ ಕಡೆದ, ಆಳೆತ್ತರ ಮೀರಿ ಕೂತ ಬಸವಣ್ಣ. ಆ ಎದುರಿಗೆ ನಿಂತಾಗ ಮನುಷ್ಯ ಚಿಕ್ಕವನಾಗುತ್ತಾನೆ. ಅದೇ ಬಸವಣ್ಣ, ಅದೇ ಹಂಪಿಯ ರಥ ಅಚ್ಚಿನಲ್ಲಿ ಹೊಯ್ದ ಗೊಂಬೆಯಾಗಿ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬಂದಾಗ ಮನುಷ್ಯ ದೊಡ್ಡವನಾಗುತ್ತಾನೆ, ಕಲ್ಲು ಎತ್ತಿದವನು ಕಾಣದಂತಾಗುತ್ತಾನೆ. 2017ರಿಂದ ಹಂಪಿಯ ರಥ ಐವತ್ತು ರೂಪಾಯಿಯ ನೋಟಿನ ಹಿಂದೆಯೂ ಇದೆ. ಎಲ್ಲರ ಜೇಬಿನಲ್ಲೂ ರಥ. ಆ ಬಂಡೆ ಸೀಳಿದವರು, ಉರುಳು ಕೊಟ್ಟು ಎಳೆದವರು, ಎಳೆಯುವಾಗ ಕೈಕಾಲು ಕಳೆದುಕೊಂಡವರು ಯಾವ ನೋಟಿನ ಹಿಂದೆ ಇದ್ದಾರೆ? ರಾಜನ ಹೆಸರು ಶಾಸನದಲ್ಲಿದೆ. ಇವತ್ತಿಗೂ ಕ್ವಾರಿಯಲ್ಲಿ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಕೆಮ್ಮುವವನ ಎದೆಯ ಕಲ್ಲಿಗೆ ಶೋಕೇಸ್ ಇಲ್ಲ.

ಈ ಜಿಲ್ಲೆಯಲ್ಲಿ ಎತ್ತಿನ ಚಿತ್ರ ಬರೆದವರು ಮೊದಲು ಯಾರು ಗೊತ್ತೇ? ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿಗೆ ಹೋಗಿ. ಕರಿಕಲ್ಲಿನ ಮೇಲೆ ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಹೋರಿಗಳು. ಹೊಸ ಶಿಲಾಯುಗದ ದನಗಾಹಿಗಳ ಕೈಕೆಲಸ, ಸಾವಿರಾರು ವರ್ಷ ಹಿಂದಿನದು. ದನ ಮೇಯಿಸಿದವರೇ ದನ ಬರೆದರು. ಬರೆದವನಿಗೂ ದುಡಿದವನಿಗೂ ನಡುವೆ ಗಾಜು ಇರಲಿಲ್ಲ. ಆ ಬಂಡೆಗಳನ್ನೂ ಕ್ವಾರಿಯವರು ಒಡೆಯಲು ಬಂದರು. ಬಂಡೆ ಒಡೆದು ಗ್ರಾನೈಟ್ ಮಾಡಿ, ಗ್ರಾನೈಟಿನ ಮೇಲೆ ಹಿತ್ತಾಳೆಯ ಎತ್ತು ಇಡುವ ಕಾಲ ಇದು.

ಇಷ್ಟು ಹೇಳಿದ ಮೇಲೆ ಒಬ್ಬರು ಎದ್ದು ನಿಂತು, "ಹಂಗಾದ್ರ ಗೊಂಬಿ ಮಾಡೋರ ಹೊಟ್ಟಿ ಮ್ಯಾಲೆ ಹೊಡೀತೀರೇನು?" ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನಮ್ಮ ಜಗಳ ಮಾಡುವ ಕೈಯ ಮೇಲೆ ಅಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳಲ್ಲಿ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಹಾಕಿ ಗೊಂಬೆ ಮಾಡುತ್ತಾರೆ. ಚನ್ನಪಟ್ಟಣದಲ್ಲಿ ಆಲೆ ಮರಕ್ಕೆ ಅರಗು ಹಿಡಿಸುತ್ತಾರೆ. ಎರಡಕ್ಕೂ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಮುದ್ರೆ ಊರಿಗೆ ಸಿಕ್ಕಿತು. ಊರಿನ ಕೈಗೆ ಏನು ಸಿಕ್ಕಿತು? ನಗರದ ಗಾಜಿನ ಅಂಗಡಿಯಲ್ಲಿ ಗೊಂಬೆಯ ಕೊರಳಿಗೆ ಬೆಲೆಯ ಚೀಟಿ ಇರುತ್ತದೆ. ಅದರಲ್ಲಿ ಕೆತ್ತಿದವನ ಪಾಲು ಎಷ್ಟು ಎಂಬ ಚೀಟಿ ಇರುವುದಿಲ್ಲ. ಆ ಎರಡನೇ ಚೀಟಿ ಬೇಕು ಎನ್ನುವುದು ನಮ್ಮ ಜಗಳ.

ಸಂಡೂರನ್ನು ನೋಡಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆಯಿತು. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು, 450ಕ್ಕೂ ಹೆಚ್ಚು ಜನ, ಸೂಜಿ ದಾರದಲ್ಲಿ ಮಾಡಿದ 1755 ವಸ್ತುಗಳನ್ನು ಅಲ್ಲಿ ಇಟ್ಟರು. ಗಿನ್ನೆಸ್ ದಾಖಲೆಯಾಯಿತು. ಆ ಬೆರಳುಗಳಿಗೆ ನಮ್ಮ ಶರಣು. ಆದರೆ ದಾಖಲೆಯ ಪುಸ್ತಕದಲ್ಲಿ ವಸ್ತುಗಳ ಎಣಿಕೆ ಇದೆ, ಅವರ ತಾಂಡಾಗಳಿಂದ ಗುಳೆ ಹೋದವರ ಎಣಿಕೆ ಇಲ್ಲ. ಇದೇ ಸಂಡೂರು ಗುಡ್ಡಗಳಲ್ಲಿ ತಲೆಯ ಮೇಲೆ ಕಬ್ಬಿಣದ ಅದಿರು ಹೊತ್ತ ಹೆಣ್ಣುಗಳಿದ್ದರು. ಅದಿರಿನ ದುಡ್ಡು ಬಳ್ಳಾರಿಯಲ್ಲಿ ಅರಮನೆ ಕಟ್ಟಿಸಿತು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವರ್ಷ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲೂಟಿ ಮಾಡಿದವರ ಮನೆಯ ಶೋಕೇಸು ಖಾಲಿಯಾಗಲಿಲ್ಲ. ಖಾಲಿಯಾಗಿದ್ದು ದಿನಗೂಲಿಯವರ ಹಿಟ್ಟಿನ ಡಬ್ಬಿ. ಲಂಬಾಣಿ ಗೊಂಬೆಯನ್ನು ಕೊಳ್ಳುವವರೇ, ಕೊಳ್ಳಿ. ಚೌಕಾಶಿ ಮಾಡಬೇಡಿ. ತಾಂಡಾದ ಹುಡುಗಿ ನಿಮ್ಮ ಮಗಳ ಹಾಸ್ಟೆಲ್ ಕೋಣೆಯಲ್ಲಿ ಜೊತೆಗಾತಿಯಾಗಿ ಬಂದಾಗ ಕೋಣೆ ಬದಲಿಸಿಕೊಡಿ ಎಂದು ವಾರ್ಡನ್ ಮುಂದೆ ನಿಲ್ಲಬೇಡಿ. ಗೊಂಬೆಯನ್ನು ಪ್ರೀತಿಸುವುದು ಸುಲಭ.

ಚೆಲುವಿಕೆಯ ವೈರಿಗಳು ನಾವಲ್ಲ. ನಮ್ಮ ಗುಡಿಸಲಲ್ಲೂ ಗೊಂಬೆ ಇತ್ತು. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣೆತ್ತು. ಆಷಾಢದ ಮಂಗಳವಾರಗಳಿಗೆ ಹೆಣ್ಣುಮಕ್ಕಳ ಗುಳ್ಳವ್ವ. ಭಾದ್ರಪದಕ್ಕೆ ಬುಟ್ಟಿಯಲ್ಲಿ ಕೂತು ಬರುವ ಜೋಕುಮಾರ. ಇವು ಯಾವುವೂ ಗಾಜಿನೊಳಗೆ ಹೋಗಲಿಲ್ಲ. ಮಣ್ಣಿನಲ್ಲಿ ಹುಟ್ಟಿದವು, ಕೈಯಿಂದ ಕೈಗೆ ಬಂದವು, ತಮ್ಮ ದಿನ ಮುಗಿದ ಮೇಲೆ ಮಣ್ಣಿಗೆ, ನೀರಿಗೆ ಹೋದವು. ಆಸ್ತಿಯಾಗಿ ಕೂರಲಿಲ್ಲ. ಎತ್ತಿಲ್ಲದ ಮನೆಯಲ್ಲೂ ಮಣ್ಣೆತ್ತಿತ್ತು ಎಂಬುದನ್ನು ಮಾತ್ರ ಮರೆಯಬಾರದು. ದಿನವಿಡೀ ಗೌಡರ ಎತ್ತು ಮೇಯಿಸಿ ಬಂದ ಹುಡುಗ ಸಂಜೆ ತನ್ನದೆಂದು ಹೇಳಿಕೊಳ್ಳಲು ಮಣ್ಣಿನಲ್ಲಿ ಒಂದು ಜೋಡಿ ಮಾಡಿಕೊಂಡ. ಅವನಿಗೆ ಅದು ಅಲಂಕಾರವಲ್ಲ, ಹಕ್ಕಿನ ಅರ್ಜಿ. ಆ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಜೋಕುಮಾರನ ಕತೆಯನ್ನು ನಮ್ಮ ಹೆಣ್ಣುಮಕ್ಕಳು ಹೇಳುವ ರೀತಿ ಕೇಳಿ. ಗಣಪತಿ ಬಂದ, ಕಡುಬು ತಿಂದ, ಮೇಲೆ ಹೋಗಿ ಶಿವನಿಗೆ 'ಭೂಲೋಕದಲ್ಲಿ ಎಲ್ಲಾ ಸುಖವಾಗಿದ್ದಾರೆ' ಎಂದ. ಹಿಂದಿನಿಂದ ಬಂದ ಜೋಕುಮಾರ ಮಳೆ ಇಲ್ಲದ್ದು, ಬೆಳೆ ಒಣಗಿದ್ದು, ಜನ ಹಸಿದದ್ದು ಎಲ್ಲವನ್ನೂ ಕಂಡು ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಮಳೆ ಬಂತು. ಗೊಂಬೆಗಳಲ್ಲೂ ಹೀಗೆ ಎರಡು ಜಾತಿ. ಒಂದು, ಎಲ್ಲಾ ಚೆನ್ನಾಗಿದೆ ಎಂದು ವರದಿ ಕೊಡುವ ಗೊಂಬೆ. ಇನ್ನೊಂದು, ಇದ್ದದ್ದನ್ನು ಹೇಳುವ ಗೊಂಬೆ. ಶೋಕೇಸಿನಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗ.

ಕೊನೆಗೆ ನಮ್ಮ ಮನೆಗಳ ಮಾತು. ಅದನ್ನು ಬಿಟ್ಟು ಬೇರೆಯವರ ಮನೆ ಗುಡಿಸುವುದು ಬಂಡಾಯವಲ್ಲ. ಕೇರಿಯಲ್ಲಿ ಈಗ ಆರ್‌ಸಿಸಿ ಮನೆಗಳು ಬಂದಿವೆ, ಸರ್ಕಾರಿ ನೌಕರಿ ಸಿಕ್ಕವರಿದ್ದಾರೆ, ಅವರ ಹಾಲಿನಲ್ಲೂ ಗಾಜಿನ ಕಪಾಟು. ಅದರೊಳಗೆ ನೀಲಿ ಕೋಟಿನ ಬಾಬಾಸಾಹೇಬ, ಕೈಯಲ್ಲಿ ಪುಸ್ತಕ, ಬೆರಳು ಮುಂದಕ್ಕೆ. ಪಕ್ಕದಲ್ಲಿ ಬುದ್ಧ. ಮೇಲ್ಜಾತಿಯ ಶೋಕೇಸಿನ ನಗುವ ಬುದ್ಧ ಗೌತಮನೇ ಅಲ್ಲ, ಚೀನಾದ ಒಬ್ಬ ಸನ್ಯಾಸಿಯ ರೂಪ. ದುಡ್ಡು ಬರುತ್ತದೆಂದು ಅವನ ಹೊಟ್ಟೆ ಸವರುತ್ತಾರೆ. ಅದು ಬಿಟ್ಟರೆ ಗೌತಮನ ಬರೀ ತಲೆ. ಲೋಕದಲ್ಲಿ ದುಃಖವಿದೆ, ಅದಕ್ಕೆ ಕಾರಣವಿದೆ ಎಂದು ಹೇಳಿದವನ ತಲೆಯನ್ನು ಕುತ್ತಿಗೆಗೆ ಕಡಿದು ಹೂಕುಂಡದ ಪಕ್ಕ ಇಟ್ಟಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷ ಲಕ್ಷ ಜನರ ಜೊತೆ ಅಂಬೇಡ್ಕರ್ ಹಿಡಿದ ದಾರಿ ಆ ತಲೆಯ ಮುಂದಿನ ಅಗರಬತ್ತಿಯಲ್ಲ. ನಮ್ಮ ಕಪಾಟಿನ ಬಾಬಾಸಾಹೇಬನಿಗೂ ಅದೇ ಗತಿ ಬರದಂತೆ ಕಾಯಬೇಕಾದವರು ನಾವು. ಆ ಬೆರಳು ಎತ್ತ ಕಡೆ ತೋರಿಸುತ್ತಿದೆ ಎಂದು ನೋಡದೆ, ಬೆರಳಿಗೆ ಹಾರ ಹಾಕಿ ಕೂತರೆ, ಅವರು ನಮ್ಮವ್ವನನ್ನು ಗೊಂಬೆ ಮಾಡಿದಂತೆ ನಾವು ನಮ್ಮ ಅಪ್ಪನನ್ನು ಗೊಂಬೆ ಮಾಡಿದ ಹಾಗೆ. ವಿಗ್ರಹದ ಪಕ್ಕ ಅವರ ಒಂದು ಪುಸ್ತಕ ಇರಲಿ. ಪುಸ್ತಕದ ಮೂಲೆ ಮಡಚಿರಲಿ, ಹಾಳೆಗೆ ಸಾರಿನ ಕಲೆ ಆಗಿರಲಿ.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ನಿಮಗೊಂದು ಕೆಲಸ. ಕರಕುಶಲದ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಗೊಂಬೆ ಮಾಡಿಸಿ, ಖಂಡಿತ ಮಾಡಿಸಿ. ಬಂಡಿ ಮಾಡಿದ ಮಗು ಅದರ ಕೆಳಗೆ ಬಂಡಿ ಯಾರದು, ಎತ್ತು ಯಾರದು, ಹೊಡೆದವನಿಗೆ ದಿನಕ್ಕೆ ಎಷ್ಟು ಎಂದು ಬರೆಯಲಿ. ಕೊಡದ ಗೊಂಬೆ ಮಾಡಿದ ಮಗು ತನ್ನ ಓಣಿಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಬರೆಯಲಿ. ಹಲಗೆ ಮಾಡಿದ ಮಗು ಅದನ್ನು ಬಾರಿಸಲಿ, ತನಗೆ ಮನಸ್ಸು ಬಂದಾಗ ಮಾತ್ರ. ವಿದ್ಯಾರ್ಥಿ ಗೆಳೆಯರೇ, ಯಾವ ಮನೆಯಲ್ಲಾದರೂ ನಮ್ಮ ಬದುಕನ್ನು ತೋರಿಸಿ 'ಚೆಂದ ಐತಲ್ಲ?' ಎಂದರೆ ಸುಮ್ಮನೆ ತಲೆ ಆಡಿಸಬೇಡಿ. ಯಾರು ಮಾಡಿದ್ದು, ಅವರಿಗೆ ಎಷ್ಟು ಕೊಟ್ಟಿರಿ, ಅವರು ಈ ಕುರ್ಚಿಯ ಮೇಲೆ ಕೂರಬಹುದೇ? ಈ ಮೂರು ಪ್ರಶ್ನೆ ಕೇಳಿ. ಚಹಾ ತಣ್ಣಗಾದರೆ ಆಗಲಿ.

ಗೊಂಬೆ ಕೂಲಿ ಕೇಳುವುದಿಲ್ಲ, ನಿಜ. ಅದರ ಪರವಾಗಿ ಕೇಳಲು ನಾವಿದ್ದೇವೆ.